ಕೀಲಿಮಣೆಯ ಕಾವಲು

ಬೆಳ್ತಂಗಡಿ ಪೇಟೆಯ ಮಗ್ಗುಲಿಗೇ ಇರುವ ಲಾಯಿಲದಂತಹ ಊರುಗಳಲ್ಲಿ ಗಣಕಯಂತ್ರವೆಂಬುದು ಬಹುಮಟ್ಟಿಗೆ ಒಬ್ಬನ ಖಾಸಗಿ ಸೊತ್ತಾಗಿರದೆ ಹತ್ತು ಮಂದಿಯ ಕೆಲಸಕ್ಕೆ ಒದಗುವ ಸಾಧನವಾಗಿದೆ. ಪಹಣಿಯ ಪ್ರತಿಗೆಂದು ಬಂದ ಅಡಿಕೆ ಕೃಷಿಕ, ವಿದ್ಯಾರ್ಥಿವೇತನದ ಅರ್ಜಿ ತುಂಬಿಸಲು ಬಂದ ಕಾಲೇಜು ಹುಡುಗಿ, ಬಯಲಾಟದ ಕರಪತ್ರವನ್ನು ಅಚ್ಚಿಗೆ ಅಣಿಗೊಳಿಸಲು ಬಂದ ಸಂಘದ ಕಾರ್ಯದರ್ಶಿ, ಇವರೆಲ್ಲರ ಹೆಸರು, ಜನ್ಮದಿನಾಂಕ, ಆಧಾರ್ ಸಂಖ್ಯೆ, ಒಮ್ಮೊಮ್ಮೆ ಬ್ಯಾಂಕು ಖಾತೆಯ ಪಾಸ್‌ವರ್ಡು ಕೂಡ, ಝೆರಾಕ್ಸ್ ಅಂಗಡಿಯ ಅಕ್ಷರ ಅಳಿಸಿಹೋದ ಅದೇ ಕೀಲಿಮಣೆಯ ಮೇಲೆ ಒಂದಾದ ಮೇಲೊಂದರಂತೆ ಹಾದುಹೋಗುವುವು. ಒತ್ತಿದ ಪ್ರತಿಯೊಂದು ಕೀಲಿಯನ್ನೂ ಗುಟ್ಟಾಗಿ ಬರೆದಿಟ್ಟುಕೊಂಡು ಎಲ್ಲಿಯೋ ಕುಳಿತ ಕಳ್ಳನಿಗೆ ಒಪ್ಪಿಸುವ ಕೀಲಾಗರ್ ಎಂಬ ಕುತಂತ್ರಾಂಶಕ್ಕೆ ಇದಕ್ಕಿಂತ ಹೆಚ್ಚಿನ ಅನುಕೂಲ ಬೇರೆಲ್ಲಿ ದೊರೆಯಬೇಕು? ಪರಿಹಾರವಾಗಿ ಕಾಸಿಲ್ಲದೆ ಸಿಗುವ ತಂತ್ರಾಂಶಗಳನ್ನು ಬಲ್ಲವರು ಸೂಚಿಸುವುದುಂಟು. ಆದರೆ ಹಾಗೆ ಸೂಚಿಸುವವರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿರುವುದು ಇಂಗ್ಲಿಷಿನಲ್ಲಿ ಮಾತ್ರ ಟೈಪು ಮಾಡುವ, ತನ್ನ ಯಂತ್ರವನ್ನು ತಾನೊಬ್ಬನೇ ಬಳಸುವ ಮನುಷ್ಯ. ಕನ್ನಡದಲ್ಲಿ ಬರೆಯುವ, ಹತ್ತು ಮಂದಿಗೆ ಬರೆದುಕೊಡುವ ನಮ್ಮ ಅಂಗಡಿಯ ಮೇಜಿನಿಂದ ನೋಡಿದರೆ ಅವುಗಳ ಗುಣದೋಷಗಳ ಲೆಕ್ಕವೇ ಬೇರೆಯಾಗುತ್ತದೆ.

ಕೀಲಿ ಕದಿಯುವ ಈ ವಿದ್ಯೆ ಬೆರಳಚ್ಚು ಯಂತ್ರದ ಕಾಲದ್ದೇ ಸರಿ. ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯಲ್ಲಿಯೂ ಲೆನಿನ್‌ಗ್ರಾಡಿನ ಅವರ ಉಪಕಚೇರಿಯಲ್ಲಿಯೂ ಬಳಕೆಯಲ್ಲಿದ್ದ ಐಬಿಎಂ ಸೆಲೆಕ್ಟ್ರಿಕ್ ಯಂತ್ರಗಳ ಪೈಕಿ 16ರ ಒಡಲಲ್ಲಿ, ಟೊಳ್ಳು ಮಾಡಿದ ಲೋಹದ ಪಟ್ಟಿಯೊಳಗೆ ಸೋವಿಯತ್ ಗೂಢಚಾರರು ಅಡಗಿಸಿಟ್ಟಿದ್ದ ಉಪಕರಣಗಳು 1984ರಲ್ಲಿ ಕ್ಷ-ಕಿರಣದ ಪರೀಕ್ಷೆಯಿಂದ ಹೊರಬಿದ್ದವು. ಅಲ್ಲಿಯವರೆಗೆ ಗುಮಾಸ್ತರು ಹೊಡೆದ ಅಕ್ಷರಗಳೆಲ್ಲ ಕಾಗದದ ಮೇಲೆ ಮೂಡುತ್ತಿದ್ದಂತೆಯೇ ಗೋಡೆಯ ಆಚೆಗೂ ಪ್ರಸಾರವಾಗುತ್ತಿದ್ದವು. ಅದೇ ಜಾತಿಯ ಉಪಕರಣ ಇಂದು ಹೆಬ್ಬೆರಳ ತುದಿಯಷ್ಟು ಗಾತ್ರಕ್ಕೆ ಇಳಿದು, ಕೀಲಿಮಣೆಯ ತಂತಿಗೂ ಯಂತ್ರದ ಹಿಂಬದಿಯ ತೂತಿಗೂ ನಡುವೆ ಸಿಕ್ಕಿಸುವ ತುಂಡಾಗಿ ಪೇಟೆಯಲ್ಲಿ ದೊರೆಯುತ್ತಿದೆ. ಅದನ್ನು ಸಾಮಾನ್ಯವಾಗಿ ಯಾವ ತಂತ್ರಾಂಶವೂ, ಉಚಿತದ್ದಿರಲಿ ಸಾವಿರಾರು ರೂಪಾಯಿಯದಿರಲಿ, ಪತ್ತೆಹಚ್ಚಲಾರದು. ಮೇಜಿನ ಅಡಿಗೆ ಬಗ್ಗಿ, ಧೂಳು ಜೇಡರಬಲೆಗಳ ನಡುವೆ ಕೈಹಾಕಿ ತಂತಿಯನ್ನು ಕೊನೆಯವರೆಗೆ ಸವರಿ ನೋಡುವುದೇ ಅದಕ್ಕಿರುವ ಪರೀಕ್ಷೆ. ನಮ್ಮ ಎಷ್ಟು ಅಂಗಡಿಗಳಲ್ಲಿ ಅದು ನಡೆಯುತ್ತದೆಯೋ ನಾನರಿಯೆ.

ತಂತ್ರಾಂಶದ ರೂಪದಲ್ಲಿ ಬರುವ ಕಳ್ಳನಿಗೆ ದಾರಿಗಳು ಮೂರು ನಾಲ್ಕು. ಬಿಲ್ಲೆಂದೋ ಕೊರಿಯರಿನ ರಸೀದಿಯೆಂದೋ ಹೇಳಿಕೊಂಡು ಮಿಂಚಂಚೆಗೆ ಅಂಟಿ ಬರುವ ಕಡತ ಒಂದು. ಅಂಗಡಿಯಿಂದ ಅಂಗಡಿಗೆ ಅಲೆಯುವ ಪೆನ್‌ಡ್ರೈವು ಇನ್ನೊಂದು. ಆದರೆ ಎಲ್ಲಕ್ಕಿಂತ ಹೆಚ್ಚು ಅಗಲವಾಗಿ ತೆರೆದಿರುವ ಬಾಗಿಲೆಂದರೆ, ಬೆಲೆ ಕೊಡಲಾಗದ ಡಿಟಿಪಿಯವರು ಪೇಜ್‌ಮೇಕರ್, ಕೋರೆಲ್‌ಡ್ರಾ, ಫೋಟೋಶಾಪುಗಳ ಬೀಗ ಒಡೆದ ಪ್ರತಿಗಳನ್ನು ಎಲ್ಲಿಂದಲೋ ಇಳಿಸಿಕೊಳ್ಳುವ ಪದ್ಧತಿ. ಆ ಬೀಗ ಒಡೆಯುವ ಪುಟ್ಟ ಕಡತವನ್ನು ಓಡಿಸುವ ಮುನ್ನ ಆಂಟಿವೈರಸನ್ನು ನಿಲ್ಲಿಸಬೇಕೆಂದು ಜೊತೆಗೇ ಸೂಚನೆ ಬಂದಿರುತ್ತದೆ, ಅಂಗಡಿಯವನು ಅದನ್ನು ನಿಷ್ಠೆಯಿಂದ ಪಾಲಿಸುತ್ತಾನೆ. ಹೀಗೆ ಒಳಗೆ ಬಿಟ್ಟುಕೊಂಡ ಮೇಲೆ ಕಾವಲಿನ ತಂತ್ರಾಂಶವನ್ನು ಹುಡುಕುವುದೆಂದರೆ ತೋಟದ ಮೂರು ಬದಿಗೂ ಬೇಲಿ ಬಿಗಿದು ತೋಡಿನ ಕಡೆಯನ್ನು ಬಯಲು ಬಿಟ್ಟಂತಾಯಿತು.

ಕೀಲಾಗರನ್ನು ಎದುರಿಸಲೆಂದೇ ಹುಟ್ಟಿದ ತಂತ್ರಾಂಶಗಳಲ್ಲಿ ಹೆಚ್ಚು ಹೆಸರು ಪಡೆದುದು ಕೀಸ್ಕ್ರಾಂಬ್ಲರ್. ಅದರ ಪರ್ಸನಲ್ ಆವೃತ್ತಿಗೆ ಬೆಲೆಯಿಲ್ಲ. ಅದರ ಉಪಾಯ ಚತುರವಾದುದೆಂಬುದನ್ನು ಒಪ್ಪಲೇಬೇಕು. ಒತ್ತಿದ ಕೀಲಿ ವಿಂಡೋಸಿನ ಆಳದ ಪದರವನ್ನು ಮುಟ್ಟಿದೊಡನೆ ಅದನ್ನು ಗೂಢಲಿಪಿಗೆ ತಿರುಗಿಸಿ, ಆ ಗೂಢರೂಪದಲ್ಲಿಯೇ ದಾರಿಯುದ್ದಕ್ಕೂ ಸಾಗಿಸಿ, ಕೊನೆಗೆ ಬ್ರೌಸರಿನೊಳಗೆ ಮಾತ್ರ ಮೂಲರೂಪಕ್ಕೆ ತರುವುದರಿಂದ, ನಡುದಾರಿಯಲ್ಲಿ ಹೊಂಚಿ ಕುಳಿತವನಿಗೆ ಅರ್ಥಹೀನ ಅಕ್ಷರಗಳ ರಾಶಿಯಷ್ಟೇ ಸಿಗುತ್ತದೆ. ಟೈಪು ಮಾಡುವಾಗ ಪರದೆಯ ಅಂಚಿನ ಸಣ್ಣ ಪಟ್ಟಿಯಲ್ಲಿ ಆ ಕಲಸುಮೇಲೋಗರದ ಅಕ್ಷರಗಳು ಓಡುವುದನ್ನು ಕಾಣಬಹುದು. ನಾವು ಹೊಡೆಯುವುದೊಂದು, ಅಲ್ಲಿ ಮೂಡುವುದು ಮತ್ತೊಂದು, ನೋಡುವವನಿಗೆ ಒಂದು ಬಗೆಯ ಧೈರ್ಯ ಬರುತ್ತದೆ. ಆ ಧೈರ್ಯ ಎಷ್ಟರಮಟ್ಟಿಗೆ ನ್ಯಾಯವಾದುದು? ಉಚಿತ ಆವೃತ್ತಿಯ ರಕ್ಷಣೆ ಬ್ರೌಸರುಗಳಿಗೆ ಸೀಮಿತ. ವರ್ಡಿನಲ್ಲಿ ಬರೆದ ಕಾಗದಕ್ಕೂ ಲೆಕ್ಕಪತ್ರದ ತಂತ್ರಾಂಶಕ್ಕೂ ಅದು ಒದಗದು. ಅದಕ್ಕಿಂತ ಗಂಭೀರವಾದ ನ್ಯೂನತೆ ಇನ್ನೊಂದಿದೆ. 2007ರಲ್ಲಿ ತಲೆಯೆತ್ತಿದ ಜ್ಯೂಸ್ ಮೊದಲಾದ ಬ್ಯಾಂಕುಗಳ್ಳ ಕುತಂತ್ರಾಂಶಗಳು ಕೀಲಿಯನ್ನಷ್ಟೇ ನಂಬಿ ಕೂರುವವಲ್ಲ. ತುಂಬಿದ ಅರ್ಜಿಯನ್ನು ಬ್ರೌಸರು ಕಳುಹಿಸಲು ಹೊರಟ ಕ್ಷಣದಲ್ಲಿ, ಅಂದರೆ ಗೂಢಲಿಪಿ ಬಿಡಿಸಿ ಮುಗಿದ ಮೇಲೆ, ಬ್ರೌಸರಿನ ಒಳಗಿನಿಂದಲೇ ಅದನ್ನು ಎತ್ತಿಕೊಳ್ಳುವ ಕಲೆ ಅವುಗಳಿಗೆ ತಿಳಿದಿದೆ. ಪರದೆಯ ಚಿತ್ರ ತೆಗೆಯುವ, ನಕಲಿಸಿಕೊಂಡ ಪಠ್ಯವನ್ನು ಕದಿಯುವ ಕಳ್ಳರಿಗೂ ಕೀಸ್ಕ್ರಾಂಬ್ಲರಿನ ಹಂಗಿಲ್ಲ. ಒಂದು ಇಕ್ಕಟ್ಟಾದ ದಾರಿಯನ್ನು ಬಹಳ ಚೆನ್ನಾಗಿ ಕಾಯುವ ಸಾಧನವೆಂದು ಅದನ್ನು ಬಗೆಯಬೇಕಲ್ಲದೆ ಊರನ್ನೇ ಕಾಯುವುದೆಂದು ಬಗೆಯಲಾಗದು. ಬ್ಯಾಂಕಿನವರು ಪರದೆಯ ಮೇಲೆ ತೋರಿಸುವ ಕೃತಕ ಕೀಲಿಮಣೆಯ ಬಗ್ಗೆ ಇಷ್ಟು ವಿಸ್ತಾರವಾಗಿ ಹೇಳಬೇಕಾದುದಿಲ್ಲ. ಮೌಸಿನಿಂದ ಒಂದೊಂದೇ ಅಕ್ಷರವನ್ನು ಚುಚ್ಚುವವನ ಹಿಂದೆ ಸರತಿಯಲ್ಲಿ ನಿಂತವರೆಲ್ಲ ಪಾಸ್‌ವರ್ಡನ್ನು ಸಾವಕಾಶವಾಗಿ ಓದಿಕೊಳ್ಳಬಹುದು.

ಇಲ್ಲಿಂದ ಮುಂದೆ ಕನ್ನಡದ ವಿಚಾರ. ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಉಚ್ಚಾರಕ್ಕೆ ಅನುಗುಣವಾಗಿ ಕನ್ನಡವನ್ನು ಬರೆಯುವ ವಿನ್ಯಾಸವನ್ನು ರೂಪಿಸಿದ ಕೆ. ಪಿ. ರಾಯರು ನಮ್ಮ ಜಿಲ್ಲೆಯ ಕಿನ್ನಿಕಂಬಳದವರು. ತಮ್ಮ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಗೌರವಾರ್ಥ ‘ಸೇಡಿಯಾಪು’ ಎಂದೇ ಹೆಸರಿಟ್ಟು ಅದನ್ನು ಉಚಿತವಾಗಿ ಹಂಚಿದ ಔದಾರ್ಯವೂ ಅವರದೇ. ಕರ್ನಾಟಕ ಸರಕಾರ ಅಂಗೀಕರಿಸಿದುದೂ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ಕಚೇರಿ ಕಚೇರಿಗೆ ತಲುಪಿದುದೂ ಆ ವಿನ್ಯಾಸವೇ. ಆದರೆ ವಿನ್ಯಾಸವೆಂಬುದು ಬೇರೆ, ಅದನ್ನು ಕಾರ್ಯಗತಗೊಳಿಸುವ ಬಗೆ ಬೇರೆ. ಪರದೆಯ ಕೆಳಮೂಲೆಯಲ್ಲಿ ಕುಳಿತು, ಯಾವ ತಂತ್ರಾಂಶದಲ್ಲಿ ಟೈಪು ಮಾಡಿದರೂ ಅಕ್ಷರವನ್ನು ಕನ್ನಡಕ್ಕೆ ತಿರುಗಿಸಿಕೊಡುವ ಯಾವುದೇ ಲಿಪಿ ತಂತ್ರಾಂಶವೂ ಮೊದಲು ಆ ಕೀಲಿಯನ್ನು ತಾನು ಹಿಡಿಯಬೇಕು. ಹಿಡಿದು, ಹಿಂದಿನ ಕೀಲಿ ಯಾವುದೆಂದು ನೆನಪಿಟ್ಟುಕೊಂಡು, ಕಾಗುಣಿತವನ್ನು ಕೂಡಿಸಿ ಮುಂದಕ್ಕೆ ಬಿಡಬೇಕು. ಕೀಲಾಗರು ಮಾಡುವುದೂ ಇದನ್ನೇ. ವಿಂಡೋಸು ಇಬ್ಬರಿಗೂ ಕೊಡುವುದು ಬಹುತೇಕ ಒಂದೇ ಕೊಂಡಿಯನ್ನು. ಬರೆದಿಟ್ಟುಕೊಂಡು ಕಳುಹಿಸುವ ದುರುದ್ದೇಶವೊಂದೇ ಅವುಗಳ ನಡುವಿನ ಭೇದ, ಆ ಉದ್ದೇಶವಾದರೋ ಹೊರಗಿನಿಂದ ಕಾಣುವಂತಹುದಲ್ಲ. ಇದು ನಮ್ಮ ಯಾವ ಕನ್ನಡ ತಂತ್ರಾಂಶದ ಮೇಲೆಯೂ ಹೊರಿಸುವ ಆರೋಪವಲ್ಲ. ಆದರೆ ಮೂಲತಾಣವನ್ನು ಬಿಟ್ಟು, ಯಾರೋ ಪೆನ್‌ಡ್ರೈವಿನಲ್ಲಿ ತಂದುಕೊಟ್ಟ, ಯಾರು ತಿದ್ದಿರುವರೆಂದು ತಿಳಿಯದ ಲಿಪಿ ತಂತ್ರಾಂಶದ ಪ್ರತಿಯನ್ನು ಹಾಕಿಕೊಳ್ಳುವವನು ತನ್ನ ಕೀಲಿಮಣೆಯನ್ನೇ ಅಪರಿಚಿತನ ಕೈಗೆ ಕೊಟ್ಟಿರುತ್ತಾನೆಂಬುದು ಮಾತ್ರ ನಿಶ್ಚಯ.

ಇದು ಬರಿಯ ತರ್ಕವೆಂದು ತಳ್ಳಿಹಾಕುವಂತಿಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2024ರ ಏಪ್ರಿಲಿನಲ್ಲಿ ಚೀನೀ ಲಿಪಿ ಬರೆಯುವ ತಂತ್ರಾಂಶಗಳನ್ನು ಪರೀಕ್ಷಿಸಿ, ಒಂಬತ್ತು ಸಂಸ್ಥೆಗಳ ಪೈಕಿ ಎಂಟರ ತಂತ್ರಾಂಶಗಳಲ್ಲಿ, ಬಳಕೆದಾರ ಒತ್ತಿದ ಕೀಲಿಗಳನ್ನು ದಾರಿಯಲ್ಲಿರುವವರು ಓದಬಹುದಾದ ದೋಷಗಳನ್ನು ಕಂಡಿತು. ದೋಷ ಕಾಣದೆ ಉಳಿದುದು ಹುವಾವೆ ಒಂದೇ. ಅಲ್ಲಿ ಯಾರೂ ಕಳ್ಳತನಕ್ಕೆ ಹೊರಟವರಲ್ಲ. ಮುಂದಿನ ಪದವನ್ನು ಊಹಿಸಿ ಹೇಳುವ ಸೌಕರ್ಯಕ್ಕಾಗಿ ಕೀಲಿಗಳನ್ನು ದೂರದ ಯಂತ್ರಕ್ಕೆ ಕಳುಹಿಸುತ್ತಿದ್ದರು, ಅಷ್ಟೆ. 2017ರಲ್ಲಿ ಎಚ್‌ಪಿಯ ಕೆಲವು ಲ್ಯಾಪ್‌ಟಾಪುಗಳಲ್ಲಿ ಧ್ವನಿಗೆ ಸಂಬಂಧಪಟ್ಟ ಸಹಾಯಕ ತಂತ್ರಾಂಶವೊಂದು, ಮೈಕನ್ನು ನಿಲ್ಲಿಸುವ ಕೀಲಿಗಾಗಿ ಕಾಯುತ್ತಾ, ಒತ್ತಿದ ಎಲ್ಲ ಕೀಲಿಗಳನ್ನೂ ಯಾರು ಬೇಕಾದರೂ ತೆರೆಯಬಹುದಾದ ಕಡತವೊಂದರಲ್ಲಿ ಬರೆಯುತ್ತಿದ್ದುದು ಪತ್ತೆಯಾದದ್ದೂ ಇಂತಹುದೇ ಅನವಧಾನದ ಫಲ.

ಕೀಸ್ಕ್ರಾಂಬ್ಲರಿನಂತಹ ಕಾವಲುಗಾರನೂ ಲಿಪಿ ತಂತ್ರಾಂಶವೂ ಒಂದೇ ಯಂತ್ರದಲ್ಲಿ ಕೂಡಿದರೆ ಏನಾಗಬೇಕೆಂಬುದನ್ನು ಅವುಗಳ ರಚನೆಯಿಂದಲೇ ಊಹಿಸಬಹುದು. ನಡುವೆ ಕುಳಿತ ಲಿಪಿ ತಂತ್ರಾಂಶಕ್ಕೆ ಗೂಢಲಿಪಿಯೇ ತಲುಪಿದರೆ ಅದು ‘ಕ’ಕಾರಕ್ಕೆ ಇನ್ನೇನನ್ನೋ ಮೂಡಿಸೀತು, ಗೂಢಲಿಪಿಯಾಗುವ ಮೊದಲೇ ತಲುಪಿದರೆ ಕಾವಲಿಗೆ ಅರ್ಥವಿಲ್ಲ. ಪಾಸ್‌ವರ್ಡನ್ನು ಇಂಗ್ಲಿಷಿನಲ್ಲಿಯೇ ಹೊಡೆಯುವೆವಲ್ಲ, ಆಗ ಕನ್ನಡವನ್ನು ನಿಲ್ಲಿಸಿದರಾಯಿತು ಎಂದು ಕೇಳುವವರುಂಟು. ಆಕ್ಷೇಪ ಸರಿಯೇ, ಆದರೆ ಡಿಟಿಪಿಯವನು ದಿನಕ್ಕೆ ನೂರು ಸಲ ಅತ್ತಿಂದಿತ್ತ ತಿರುಗಿಸುತ್ತಿರುವಾಗ ಲಿಪಿ ತಂತ್ರಾಂಶ ನಿಂತಂತೆ ತೋರಿದರೂ ಮೂಲೆಯಲ್ಲಿ ಎಚ್ಚೆತ್ತೇ ಇರುತ್ತದೆ, ಇಲ್ಲವಾದರೆ ಮತ್ತೆ ಕನ್ನಡಕ್ಕೆ ತಿರುಗುವ ಕೀಲಿಯನ್ನು ಅದು ಅರಿಯುವ ಬಗೆಯೇನು?

ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಉತ್ತಮವಾದ ಪರಿಹಾರ ಹೊಸ ಕಾವಲುಗಾರನನ್ನು ತರುವುದರಲ್ಲಿಲ್ಲ, ನಡುವೆ ಕುಳಿತವರನ್ನು ಕಡಮೆ ಮಾಡುವುದರಲ್ಲಿದೆ. ವಿಂಡೋಸಿನಲ್ಲಿ ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಲಿಮಣೆಯ ವಿನ್ಯಾಸ ಎರಡು ದಶಕಗಳಿಂದಲೂ ಅಂತರ್ಗತವಾಗಿದೆ. ಯಾವ ಕೀಲಿಗೆ ಯಾವ ಅಕ್ಷರವೆಂಬ ಕೋಷ್ಟಕವಷ್ಟೇ ಅದು, ಯಾರ ಕೀಲಿಯನ್ನೂ ಅಡ್ಡಗಟ್ಟುವ ಸ್ವತಂತ್ರ ತಂತ್ರಾಂಶವಲ್ಲ. ಲಿನಕ್ಸಿನಲ್ಲಿ ಕಗಪ (ಕನ್ನಡ ಗಣಕ ಪರಿಷತ್ತು) ವಿನ್ಯಾಸವೂ ಇದೇ ರೀತಿ ಕೋಷ್ಟಕವಾಗಿ ಬೆರೆತುಹೋಗಿದೆ. ನುಡಿಗೆ ಒಗ್ಗಿದ ಬೆರಳಿಗೆ ಅಲ್ಲಲ್ಲಿ ವ್ಯತ್ಯಾಸ ತೋರೀತು, ಒಂದೆರಡು ವಾರದ ಅಭ್ಯಾಸ ಬೇಕಾದೀತು. ಆದರೆ ಲಿನಕ್ಸಿಗೆ ಹೋದೊಡನೆ ಕೀಲಾಗರಿನ ಭಯ ತೀರಿತೆಂದು ಸಾರುವವರ ಮಾತನ್ನು ಹಾಗೆಯೇ ಒಪ್ಪುವಂತಿಲ್ಲ. ಅಲ್ಲಿನ ಹಳೆಯ ಎಕ್ಸ್11 ಪರದೆ ವ್ಯವಸ್ಥೆಯಲ್ಲಿ ಒಂದು ತಂತ್ರಾಂಶ ಇನ್ನೊಂದರ ಕೀಲಿಗಳನ್ನು ವಿಶೇಷ ಅಧಿಕಾರವಿಲ್ಲದೆಯೇ ಓದಬಲ್ಲುದು. ಅದರ ಸ್ಥಾನಕ್ಕೆ ಬಂದಿರುವ ವೇಲ್ಯಾಂಡಿನಲ್ಲಿ ಆ ಸಲುಗೆಯನ್ನು ಕಿತ್ತುಹಾಕಿದ್ದಾರೆ. ಮೇಲಾಗಿ ಹಳೆಯ ನುಡಿ ಅಕ್ಷರಗಳಲ್ಲಿ ವರ್ಷಗಟ್ಟಲೆ ಕೂಡಿಟ್ಟ ಕರಪತ್ರ ಕರೆಯೋಲೆಗಳ ಕಡತಗಳನ್ನು ಬಿಟ್ಟು ಮುದ್ರಣದವರು ವಿಂಡೋಸಿನಿಂದ ಏಳಲಾರರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದುದರಿಂದ, ಹಳೆಯ ಯಂತ್ರಗಳಿದ್ದವರಿಗೆ ಈ ಸಂಕಟ ಇನ್ನಷ್ಟು ಸಮೀಪಕ್ಕೆ ಬಂದಿದೆ.

ಉಳಿದ ಉಚಿತ ಸಾಧನಗಳಲ್ಲಿ ನಾನು ಮನಸಾರೆ ಮೆಚ್ಚುವುದು ಕೀಪಾಸನ್ನು. ಮೂಲಸಂಕೇತವನ್ನು ಲೋಕಕ್ಕೆ ತೆರೆದಿಟ್ಟಿರುವ ಈ ತಂತ್ರಾಂಶ ಪಾಸ್‌ವರ್ಡುಗಳನ್ನೆಲ್ಲ ಗೂಢಲಿಪಿಯ ಒಂದು ಕಡತದಲ್ಲಿ ಕಾಪಾಡಿ, ಬೇಕಾದಲ್ಲಿ ತಾನೇ ತುಂಬಿಕೊಡುತ್ತದೆ. ಹಾಗೆ ತುಂಬುವಾಗ ಒಂದು ಭಾಗವನ್ನು ಕೀಲಿಗಳ ರೂಪದಲ್ಲಿಯೂ ಉಳಿದ ಭಾಗವನ್ನು ನಕಲು ಮಾಡಿ ಅಂಟಿಸುವ ರೂಪದಲ್ಲಿಯೂ ಕಳುಹಿಸಿ, ಕೀಲಿಯನ್ನು ಮಾತ್ರ ಬರೆದುಕೊಳ್ಳುವ ಕಳ್ಳನನ್ನು ಏಮಾರಿಸುವ ಆಯ್ಕೆಯೂ ಅದರಲ್ಲಿದೆ. ಕಡತದ ಬಾಗಿಲು ತೆರೆಯುವ ಮುಖ್ಯ ಪಾಸ್‌ವರ್ಡನ್ನು, ಇತರ ತಂತ್ರಾಂಶಗಳ ಕೊಂಡಿ ಸಾಮಾನ್ಯವಾಗಿ ಎಟುಕದ ಪ್ರತ್ಯೇಕ ಪರದೆಯಲ್ಲಿ ಹೊಡೆಯುವ ಏರ್ಪಾಡು ಅದಕ್ಕಿಂತಲೂ ಬೆಲೆಯುಳ್ಳದ್ದು. ಇಷ್ಟು ಉಪಯುಕ್ತವಾದ ಏರ್ಪಾಡನ್ನು ಅದರ ಕರ್ತೃಗಳು ಆರಂಭದಲ್ಲಿ ನಿಲ್ಲಿಸಿಯೇ ಇಟ್ಟಿರುವುದು, ಹುಡುಕಿ ಚಾಲನೆ ಮಾಡಬೇಕಾಗಿರುವುದು ನನಗೆ ರುಚಿಸದ ಸಂಗತಿ. ವಿಂಡೋಸಿನಲ್ಲೇ ಬರುವ ಡಿಫೆಂಡರನ್ನು ಹಳಿಯುವುದು ಒಂದು ಕಾಲದ ರೂಢಿ. ಈಗ ಹಾಗೆ ಹಳಿಯುವುದು ನ್ಯಾಯವಲ್ಲ. ವಿಂಡೋಸು ಪೂರ್ಣವಾಗಿ ಏಳುವ ಮೊದಲೇ ಯಂತ್ರವನ್ನು ಶೋಧಿಸುವ ಅದರ ಆಫ್‌ಲೈನ್ ಪರೀಕ್ಷೆಯನ್ನು ಅಂಗಡಿಯವರು ತಿಂಗಳಿಗೊಮ್ಮೆಯಾದರೂ ನಡೆಸುವುದು ಲೇಸು. ಕೇಂದ್ರ ಸರಕಾರ 2017ರ ಫೆಬ್ರವರಿ 21ರಂದು ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಮೂಲಕ ಸಿ-ಡ್ಯಾಕ್ ಸಂಸ್ಥೆಯ ಯುಎಸ್‌ಬಿ ಪ್ರತಿರೋಧ್, ಆಪ್‌ಸಂವಿದ್ ಎಂಬ ಎರಡು ಸಾಧನಗಳು ಉಚಿತವಾಗಿ ಬಂದವು. ಮೊದಲನೆಯದು ಅಪರಿಚಿತ ಪೆನ್‌ಡ್ರೈವನ್ನು ತಡೆಯುತ್ತದೆ, ಎರಡನೆಯದು ಅನುಮತಿ ಪಡೆದ ತಂತ್ರಾಂಶಗಳನ್ನಷ್ಟೇ ಓಡಲು ಬಿಡುತ್ತದೆ. ತತ್ತ್ವದಲ್ಲಿ ಇವೆರಡೂ ಕೀಸ್ಕ್ರಾಂಬ್ಲರಿಗಿಂತ ಮೇಲು, ಏಕೆಂದರೆ ಒಳಗೆ ಬಂದವನನ್ನು ಮೋಸಗೊಳಿಸುವ ಬದಲು ಬರದಂತೆ ಮಾಡುವುವು. ನಮ್ಮ ಕಡೆಯ ಅಂಗಡಿಯೊಂದರಲ್ಲಾದರೂ ಇವುಗಳ ಹೆಸರನ್ನು ಕೇಳಿದವರು ನನಗೆ ಸಿಕ್ಕಿಲ್ಲ.

ಕೀಲಿಮಣೆಯೊಂದನ್ನೇ ಕಾಯುತ್ತ ಕೂರುವುದರ ಮಿತಿಯನ್ನು ನಮ್ಮ ಜಿಲ್ಲೆ 2023ರಲ್ಲಿ ಕಂಡಿದೆ: ಮಂಗಳೂರು ಸುತ್ತಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರು, ಒಂದು ಅಕ್ಷರವನ್ನೂ ಟೈಪು ಮಾಡದಿದ್ದರೂ, ಆಧಾರ್ ಬೆರಳಚ್ಚಿನ ಪಾವತಿ ವ್ಯವಸ್ಥೆಯ ಮೂಲಕ ತಮ್ಮ ಖಾತೆಯಿಂದ ಹಣ ಹೋಗಿದೆಯೆಂದು ದೂರಿತ್ತರು. ಬೆರಳಚ್ಚಿಗೆ ಬೀಗ ಹಾಕುವ ಸೌಕರ್ಯವನ್ನು ಆಧಾರಿನವರು ಉಚಿತವಾಗಿಯೇ ಕೊಟ್ಟಿದ್ದಾರೆ, ಅದು ಬೇರೆಯೇ ಪ್ರಕರಣ.

ಅಂಗಡಿಯ ಯಂತ್ರಕ್ಕೆ ಮರಳಿದರೆ, ಕಾಸು ಖರ್ಚಿಲ್ಲದ ಇನ್ನೊಂದು ಏರ್ಪಾಡು ಯಾವ ತಂತ್ರಾಂಶದ ಪಟ್ಟಿಯಲ್ಲಿಯೂ ಮೇಲಕ್ಕೆ ಬರುವುದಿಲ್ಲ: ಗಿರಾಕಿಗಳ ಕೆಲಸಕ್ಕೆ ಅಡ್ಮಿನ್ ಅಧಿಕಾರವಿಲ್ಲದ ಒಂದು ಖಾತೆ, ಮಾಲೀಕನ ಬ್ಯಾಂಕು ಲೆಕ್ಕಪತ್ರಗಳಿಗೆ ಇನ್ನೊಂದು. ಅಧಿಕಾರವಿಲ್ಲದ ಖಾತೆಯಲ್ಲಿಯೂ ಕೀಲಾಗರು ಓಡಬಲ್ಲುದು, ನಿಜ. ಆದರೆ ಸಾಮಾನ್ಯವಾಗಿ ಅದು ಆ ಖಾತೆಯ ಗಡಿಯನ್ನು ದಾಟಿ ಇನ್ನೊಂದರ ಕೀಲಿಗಳನ್ನು ಕೇಳಲಾರದು, ಯಂತ್ರದ ಆಳಕ್ಕೆ ಬೇರಿಳಿಸಲೂ ಆಗದು, ಖಾತೆಯನ್ನೇ ಅಳಿಸಿ ಹೊಸದು ಮಾಡಿದರೆ ಹೆಚ್ಚಿನ ವೇಳೆ ಅಲ್ಲಿಗೆ ಅದರ ಆಟ ಮುಗಿಯುತ್ತದೆ. ಇನ್ನು, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ತಂದು, “ಅಣ್ಣಾ, ನೀವೇ ಹೊಡೆಯಿರಿ, ನನಗೆ ಇದೆಲ್ಲ ಗೊತ್ತಾಗುವುದಿಲ್ಲ” ಎಂದು ಮೇಜಿನ ಮೇಲಿಡುವ ಗಿರಾಕಿಗೆ, “ಬ್ಯಾಂಕಿನದ್ದು ಇಲ್ಲಿ ಬೇಡ ಮಾರಾಯರೇ, ಮನೆಯಲ್ಲಿ ಮಗಳ ಹತ್ತಿರ ಹೇಳಿ ನಿಮ್ಮ ಫೋನಿನಲ್ಲೇ ಮಾಡಿಸಿ” ಎಂದು ಚೀಟಿಯನ್ನು ಮಡಚಿ ಹಿಂದಿರುಗಿಸುವ ಅಂಗಡಿಯವರೂ ನಮ್ಮಲ್ಲಿ ಇದ್ದಾರೆ. ಅವರ ಯಂತ್ರದಲ್ಲಿ ಡಿಫೆಂಡರೊಂದನ್ನು ಬಿಟ್ಟು ಬೇರಾವ ಕಾವಲು ತಂತ್ರಾಂಶವೂ ಇಲ್ಲ.