ಅಮ್ಮ ನುಡಿಸುವಾಗ ಮಗಳ ಮುಖ

ಇಂಗ್ಮರ್ ಬರ್ಗ್‌ಮನ್ನರ ‘ಆಟಮ್ ಸೊನಾಟಾ’ (1978) ಚಿತ್ರದಲ್ಲಿ ನಾನು ಮತ್ತೆ ಮತ್ತೆ ಹುಡುಕಿಕೊಂಡು ಹೋಗುವುದು ಒಂದೇ ದೃಶ್ಯವನ್ನು. ಶಾರ್ಲಟ್ ದೇಶದೇಶ ಸುತ್ತಿ ಕಛೇರಿ ಕೊಡುವ ಪಿಯಾನೋ ವಾದಕಿ. ಮಗಳು ಈವಾ ನಾರ್ವೆಯ ಒಬ್ಬ ಪಾದ್ರಿಯ ಹೆಂಡತಿ, ಬರಹಗಾರ್ತಿ. ತಕ್ಕಮಟ್ಟಿಗೆ ಪಿಯಾನೋ ಕೂಡ ಬಲ್ಲವಳು. ಏಳು ವರ್ಷಗಳ ಮೇಲೆ ಅಮ್ಮ ಮನೆಗೆ ಬಂದಿದ್ದಾಳೆ.

ಊಟ ಮುಗಿದ ಮೇಲೆ ಈವಾ ಶೋಪ್ಯಾನನ ಎ ಮೈನರ್ ಪ್ರೆಲ್ಯೂಡ್ ನುಡಿಸುತ್ತಾಳೆ. ಎರಡೇ ನಿಮಿಷದ ಆಸುಪಾಸಿನ ರಚನೆ. ಎಡಗೈಯಲ್ಲಿ ಒಂದಕ್ಕೊಂದು ಹೊಂದದ ಸ್ವರಗಳು ಭಾರವಾಗಿ ತೂಗುತ್ತಿರುತ್ತವೆ. ಮೇಲೆ ಬಲಗೈಯ ರಾಗ ನಡುನಡುವೆ ನಿಂತೇ ಹೋಗುತ್ತದೆ. ಈವಾಳ ಬೆರಳು ಅಳುಕುತ್ತದೆ, ಭಾವ ತುಳುಕುತ್ತದೆ. ಅಮ್ಮ ಮೊದಲು ನಯವಾಗಿ ಏನೋ ಹೇಳಿ ಜಾರಿಕೊಳ್ಳಲು ನೋಡುತ್ತಾಳೆ. ಮಗಳು ಬಿಡುವುದಿಲ್ಲ. ಆಗ ಅಮ್ಮ ಪಕ್ಕದಲ್ಲಿ ಕೂತು ವಿವರಿಸುತ್ತಾಳೆ: ಇಲ್ಲಿರುವುದು ನೋವು, ಗೋಳಲ್ಲ, ಅದನ್ನು ತಡೆದು ಹಿಡಿಯಬೇಕು. ಆಮೇಲೆ ತಾನೇ ನುಡಿಸುತ್ತಾಳೆ.

ಅವಳು ಹೇಳಿದ್ದು ಸರಿ! ಈ ದೃಶ್ಯದ ಕ್ರೌರ್ಯವಿರುವುದೇ ಅಲ್ಲಿ. ಶಾರ್ಲಟ್ ಸುಳ್ಳು ಕಲಾವಿದೆಯಾಗಿದ್ದರೆ ಅವಳನ್ನು ದ್ವೇಷಿಸಿ ಹಗುರಾಗಬಹುದಿತ್ತು. ಅವಳ ಕೈಯಲ್ಲಿ ಅದೇ ಸ್ವರಗಳು ಬಿಗಿಯಾಗಿ, ಒಣಗಿ, ಎದೆಗೆ ನಾಟುತ್ತವೆ. ತೆರೆಯ ಹಿಂದೆ ನುಡಿಸಿದವರು ಕೇಬಿ ಲಾರೆಟೈ, ಬರ್ಗ್‌ಮನ್ನರ ಮಾಜಿ ಪತ್ನಿ.

ಛಾಯಾಗ್ರಾಹಕ ಸ್ವೆನ್ ನೀಕ್ವಿಸ್ಟ್ ಬೆರಳುಗಳನ್ನು ಬಿಟ್ಟು ಎರಡು ಮುಖಗಳಿಗೆ ಅಂಟಿಕೊಳ್ಳುತ್ತಾರೆ. ಶಾರ್ಲಟ್ ಪಾತ್ರದ ಇಂಗ್ರಿಡ್ ಬರ್ಗ್‌ಮನ್ ಸಂಗೀತದಲ್ಲಿ ಮುಳುಗಿದ್ದಾರೆ. ಈವಾ ಪಾತ್ರದ ಲಿವ್ ಉಲ್‌ಮನ್ ಅಮ್ಮನ ಕಡೆ ತಿರುಗಿ ಅವಳನ್ನೇ ನೋಡುತ್ತಾರೆ. ಆ ನೋಟದಲ್ಲಿ ಮೆಚ್ಚುಗೆ, ಅವಮಾನ, ಬಾಲ್ಯದ ಹಸಿವು ಎಲ್ಲವೂ ಒಟ್ಟಿಗೇ ಬಂದು ನಿಲ್ಲುತ್ತವೆ. ಒಂದನ್ನು ಇನ್ನೊಂದರಿಂದ ಬಿಡಿಸಲಾಗದು. ಅಮ್ಮ ಒಮ್ಮೆ ಇತ್ತ ತಿರುಗಬಾರದೇ ಎಂದು ನೋಡುವವರ ಜೀವ ಚಡಪಡಿಸುತ್ತದೆ.

ಅಂದು ರಾತ್ರಿ ಸಿಡಿಯುವ ದೀರ್ಘ ಜಗಳವನ್ನು ವಿಮರ್ಶಕರು ಹೆಚ್ಚು ನೆನೆಯುತ್ತಾರೆ. ಮಾತಿನ ಬಲ ಅಲ್ಲಿ ನಿಜಕ್ಕೂ ದೊಡ್ಡದು. ಬೆನ್ನುನೋವಿನ ಶಾರ್ಲಟ್ ನೆಲದ ಮೇಲೆ ಮಲಗಿ ಮಗಳ ಆರೋಪ ಕೇಳುವುದನ್ನು ಮರೆಯಲಾಗದು. ಆದರೂ ನನ್ನ ಪಾಲಿಗೆ ಆ ಜಗಳ ಪಿಯಾನೋದ ಮುಂದೆ ಆಗಲೇ ಕೇಳಿಸಿದ್ದಕ್ಕೆ ಬರೆದ ಭಾಷ್ಯ.

ಋತುಪರ್ಣ ಘೋಷ್ ಅವರ ಬಂಗಾಳಿ ಚಿತ್ರ ‘ಉನಿಶೆ ಏಪ್ರಿಲ್’ನಲ್ಲೂ ಇಂಥದೇ ಜೋಡಿ ಇದೆ: ನರ್ತಕಿ ತಾಯಿಯಾಗಿ ಅಪರ್ಣಾ ಸೇನ್, ವೈದ್ಯೆ ಮಗಳಾಗಿ ದೇಬಶ್ರೀ ರಾಯ್. ಎರಡನ್ನೂ ಬೆನ್ನುಬೆನ್ನಿಗೆ ನೋಡಬೇಕು. ಘೋಷ್ ಆ ಇಬ್ಬರಿಗೆ ರಾಜಿಯ ದಾರಿ ತೆರೆಯುತ್ತಾರೆ. ಬರ್ಗ್‌ಮನ್ ಶಾರ್ಲಟ್‌ಳನ್ನು ರೈಲು ಹತ್ತಿಸಿಬಿಡುತ್ತಾರೆ. ಈವಾ ಮನೆಯಲ್ಲಿ ಕೂತು ಅಮ್ಮನಿಗೆ ಕಾಗದ ಬರೆಯುತ್ತಾಳೆ, ಕ್ಷಮೆ ಕೇಳಿ.