ಫ್ರೇಮಿಗೆ ಹತ್ತು ಸೆಕೆಂಡು: ‘ಫ್ಲೋ’ ಚಿತ್ರದ ತಾಂತ್ರಿಕ ವಿಮರ್ಶೆ

ಊರು, ಕಾಡು ಎಲ್ಲವನ್ನೂ ಮುಳುಗಿಸುತ್ತಾ ನೀರು ಏರುತ್ತಿದೆ. ಒಂದು ಬೆಕ್ಕು ಹಾಯಿದೋಣಿಯೊಂದನ್ನು ಏರಿ ನಾಯಿ, ಲೀಮರ್, ಕ್ಯಾಪಿಬಾರಾ ಮತ್ತು ಒಂದು ಹಕ್ಕಿಯ ಜೊತೆ ತೇಲುತ್ತಾ ಸಾಗುತ್ತದೆ. ಮಾತು ಒಂದೂ ಇಲ್ಲ. ಲಾಟ್ವಿಯಾದ ಗಿಂಟ್ಸ್ ಜಿಲ್ಬಾಲೋಡಿಸ್ ನಿರ್ದೇಶಿಸಿದ ‘ಫ್ಲೋ’ ಚಿತ್ರದ ಕಥೆ ಇಷ್ಟೇ. 2024ರ ಕಾನ್ ಚಿತ್ರೋತ್ಸವದಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡ ಇದು 2025ರಲ್ಲಿ ಅತ್ಯುತ್ತಮ ಆ್ಯನಿಮೇಷನ್ ಕಥಾಚಿತ್ರವೆಂದು ಆಸ್ಕರ್ ಪಡೆಯಿತು. ಬೆಕ್ಕಿನ ನಡಿಗೆಯನ್ನು ಮೆಚ್ಚಿ ಬರೆದವರು ಬಹಳ ಮಂದಿ ಇದ್ದಾರೆ. ಈ ಚಿತ್ರ ಹೇಗೆ ತಯಾರಾಯಿತು, ಆ ವಿಧಾನದ ಗುರುತು ತೆರೆಯ ಮೇಲೆ ಎಲ್ಲೆಲ್ಲಿ ಉಳಿದಿದೆ ಎಂಬುದನ್ನು ನಾವಿಲ್ಲಿ ನೋಡೋಣ.

ಮೊದಲು ಪೆನ್ಸಿಲ್ ಹಿಡಿಯಿರಿ. ಚಿತ್ರದ ಅವಧಿ ಸುಮಾರು 85 ನಿಮಿಷ. ಸೆಕೆಂಡಿಗೆ 24 ಫ್ರೇಮಿನಂತೆ ಲೆಕ್ಕ ಹಾಕಿದರೆ 1,22,400 ಫ್ರೇಮುಗಳಾಗುತ್ತವೆ. ಗಣಕವು ಮೂರು ಆಯಾಮದ ದೃಶ್ಯವನ್ನು ಲೆಕ್ಕ ಹಾಕಿ ಒಂದೊಂದು ಫ್ರೇಮಿನ ಅಂತಿಮ ಚಿತ್ರವನ್ನು ಬಿಡಿಸುವುದಕ್ಕೆ ‘ರೆಂಡರಿಂಗ್’ ಎಂದು ಹೆಸರು. ತಮಗೆ ಫ್ರೇಮೊಂದಕ್ಕೆ ಅರ್ಧ ಸೆಕೆಂಡಿನಿಂದ ಹತ್ತು ಸೆಕೆಂಡು ಹಿಡಿಯಿತು, ಅಂತಿಮ ರೆಂಡರಿಂಗ್ ತಮ್ಮ ಸ್ವಂತ ಗಣಕದಲ್ಲೇ ಆಯಿತು ಎಂದು ನಿರ್ದೇಶಕರು ಹೇಳಿದ್ದಾರೆ. ಎಲ್ಲ ಫ್ರೇಮುಗಳಿಗೂ ಹತ್ತು ಸೆಕೆಂಡು ಎಂದೇ ಹಿಡಿದರೂ ಒಟ್ಟು 340 ಗಂಟೆ, ಅಂದರೆ ಹದಿನೈದು ದಿನಕ್ಕಿಂತ ಕಡಿಮೆ. 1995ರ ‘ಟಾಯ್ ಸ್ಟೋರಿ’ಯಲ್ಲಿ ಇದ್ದದ್ದು 1,14,240 ಫ್ರೇಮುಗಳು. ಅವಕ್ಕೆ 117 ಗಣಕಗಳು ಹಗಲಿರುಳು ದುಡಿದವು. ಒಂದು ಫ್ರೇಮಿಗೆ 45 ನಿಮಿಷದಿಂದ 30 ಗಂಟೆಯವರೆಗೆ ಬೇಕಾಯಿತು.

ಇದೆಲ್ಲ ಯಂತ್ರದ ವೇಗ ಹೆಚ್ಚಿದ ಫಲವೆಂದು ನೀವು ಹೇಳಬಹುದು. ಅದು ಅರ್ಧ ಸತ್ಯ ಮಾತ್ರ. ‘ಫ್ಲೋ’ ತಯಾರಾದದ್ದು ಬ್ಲೆಂಡರ್ ಎಂಬ ಮುಕ್ತ ತಂತ್ರಾಂಶದಲ್ಲಿ. ಅದರಲ್ಲಿ ಎರಡು ಬಗೆಯ ರೆಂಡರಿಂಗ್ ಇದೆ. ‘ಸೈಕಲ್ಸ್’ ಎಂಬುದು ಬೆಳಕಿನ ಕಿರಣಗಳ ಹಾದಿಯನ್ನು ಯಾದೃಚ್ಛಿಕವಾಗಿ ಆರಿಸಿ, ಅವು ವಸ್ತುಗಳಿಗೆ ತಾಗಿ ಚಿಮ್ಮುವುದನ್ನು ಅನುಸರಿಸುತ್ತದೆ. ಕಿರಣಗಳು ಸಾಲದಿದ್ದರೆ ಚಿತ್ರದ ಮೇಲೆ ಮರಳು ಚೆಲ್ಲಿದಂತೆ ಚುಕ್ಕೆಗಳು ಉಳಿಯುತ್ತವೆ. ಈ ಚುಕ್ಕೆಗಳನ್ನು ಅರ್ಧಕ್ಕಿಳಿಸಲು ಕಿರಣಗಳನ್ನು ಎರಡರಷ್ಟಲ್ಲ, ನಾಲ್ಕರಷ್ಟು ಮಾಡಬೇಕು. ಸಂಖ್ಯಾಶಾಸ್ತ್ರ ಕಲಿಸುವವರಿಗೆ ಈ ವರ್ಗಮೂಲದ ನಿಯಮ ಪರಿಚಿತವೇ. ಇನ್ನೊಂದು, 2019ರಲ್ಲಿ ಬಂದ ‘ಈವೀ’. ಇದು ವಿಡಿಯೊ ಆಟಗಳಂತೆ ವಸ್ತುಗಳ ತ್ರಿಕೋನಗಳನ್ನು ನೇರವಾಗಿ ಪರದೆಯ ಮೇಲೆ ಮೂಡಿಸಿ, ನೆರಳು ಮತ್ತು ಪ್ರತಿಫಲನಗಳನ್ನು ಅಂದಾಜಿನಿಂದ ತುಂಬಿಸುತ್ತದೆ. ಜಿಲ್ಬಾಲೋಡಿಸ್ ಆರಿಸಿಕೊಂಡದ್ದು ಈವೀಯನ್ನು. ಮೊದಲನೆಯ ವಿಧಾನದಲ್ಲಿ ಫ್ರೇಮಿಗೆ ಐದೇ ನಿಮಿಷ ಎಂದುಕೊಂಡರೂ ಅವರ ಒಂದೇ ಗಣಕಕ್ಕೆ 425 ದಿನ ಹಿಡಿಯುತ್ತಿತ್ತು.

ಈ ಆಯ್ಕೆಗೆ ತೆತ್ತ ಬೆಲೆ ತೆರೆಯ ಮೇಲೆ ಕಾಣುತ್ತದೆ. ಪ್ರಾಣಿಗಳ ಮೈಯಲ್ಲಿ ಎಳೆ ಎಳೆ ಕೂದಲಿಲ್ಲ. ಕುಂಚದಿಂದ ಬಳಿದಂತಹ ಬಣ್ಣವಿದೆ. ಕೆಲವು ದೃಶ್ಯಗಳಲ್ಲಿ ನಾಯಿಗಳ ಮೈ ತೀರಾ ಚಪ್ಪಟೆಯಾಗಿ, ಅರ್ಧಕ್ಕೆ ಬಿಟ್ಟ ಕೆಲಸದಂತೆ ನನಗೆ ಕಂಡಿತು. ಇದನ್ನು ಶೈಲಿ ಎಂದು ಒಪ್ಪಿಕೊಳ್ಳಬಹುದು, ಆದರೆ ಎಲ್ಲ ಕಡೆಯೂ ಅಲ್ಲ.

ಆದರೆ ಉಳಿದ ಸಮಯ ಎಲ್ಲಿ ಖರ್ಚಾಯಿತೆಂಬುದನ್ನೂ ನೋಡಬೇಕು. ಈ ಚಿತ್ರಕ್ಕೆ ಕಾಗದದ ಮೇಲಿನ ಚಿತ್ರಸರಣಿ ಇರಲಿಲ್ಲ. ನಿರ್ದೇಶಕರು ಒರಟಾದ ಮೂರು ಆಯಾಮದ ದೃಶ್ಯದೊಳಗೇ ಕ್ಯಾಮೆರಾ ಇಟ್ಟು, ತಿರುಗಿಸಿ, ಇಡೀ ಚಿತ್ರದ ಮುನ್ನೋಟವನ್ನು ಮೊದಲು ಕಟ್ಟಿಕೊಂಡರು. ಬೆಕ್ಕಿನ ಹಿಂದೆ ನಿಮಿಷಗಟ್ಟಲೆ ಎಡೆಬಿಡದೆ ಸಾಗುವ ಆ ದೀರ್ಘ ಓಟಗಳನ್ನು ನೆನಪಿಸಿಕೊಳ್ಳಿ. ಬೆಳಕು ಸಹಿತವಾದ ದೃಶ್ಯವನ್ನು ಕೂಡಲೇ ನೋಡಿ, ಬೇಡವೆಂದು ತೆಗೆದು, ಮತ್ತೆ ಯತ್ನಿಸುವ ಅನುಕೂಲ ಇದ್ದವರಿಗೆ ಮಾತ್ರ ಅಂಥವು ಸಾಧ್ಯ. ನನ್ನ ಮಟ್ಟಿಗೆ ಚಿತ್ರದ ನಿಜವಾದ ಸಾಧನೆ ಇಲ್ಲಿದೆ. ಕೂದಲ ಎಳೆಗಳನ್ನು ಬಿಟ್ಟುಕೊಟ್ಟದ್ದು ನಷ್ಟವಲ್ಲ. ಇದೇ ತಂತ್ರಾಂಶದಿಂದ 2006ರಲ್ಲಿ ಬಂದ ‘ಎಲಿಫೆಂಟ್ಸ್ ಡ್ರೀಮ್’ ಹನ್ನೊಂದು ನಿಮಿಷದ್ದು. ಅಮೆರಿಕದ ವಿಶ್ವವಿದ್ಯಾಲಯವೊಂದರ ಗಣಕಸಮೂಹದಲ್ಲಿ ಅದರ ರೆಂಡರಿಂಗ್‌ಗೆ 125 ದಿನ ಹಿಡಿಯಿತೆಂದು ವರದಿಯಾಗಿತ್ತು. ಚಿತ್ರದ ಕಡತಗಳನ್ನೆಲ್ಲ ಎಲ್ಲರಿಗೂ ತೆರೆದಿಟ್ಟ ಅದರ ಔದಾರ್ಯ ದೊಡ್ಡದು. ಕಥೆ ಮಾತ್ರ ಎರಡು ಸಲ ನೋಡಿದರೂ ನನಗೆ ದಕ್ಕಲಿಲ್ಲ.

ಇದು ನಮ್ಮ ಶಾಲೆಯ ಗಣಕ ಕೊಠಡಿಗೆ ಹೇಗೆ ಸಂಬಂಧಿಸುತ್ತದೆ ಎಂದು ನೀವು ಕೇಳಬಹುದು. ಕೆಲವು ವರ್ಷಗಳ ಹಿಂದೆ ನಾನು ಸೂರ್ಯಗ್ರಹಣದ ಮೂರು ನಿಮಿಷದ ಆ್ಯನಿಮೇಷನ್ ಮಾಡಲು ಹೊರಟೆ. ಸೆಕೆಂಡಿಗೆ 25ರಂತೆ 4,500 ಫ್ರೇಮು, ಒಂದಕ್ಕೆ 40 ಸೆಕೆಂಡು, ಒಟ್ಟು 50 ಗಂಟೆ. ನೇರವಾಗಿ ಎಂಪಿ4 ಕಡತಕ್ಕೆ ರೆಂಡರ್ ಮಾಡಲು ಹಚ್ಚಿದೆ. ಎರಡನೆಯ ರಾತ್ರಿ ಕರೆಂಟು ಹೋಯಿತು. ಯುಪಿಎಸ್ ಹತ್ತು ನಿಮಿಷ ತಡೆದು ಕೈಚೆಲ್ಲಿತು. ಬೆಳಿಗ್ಗೆ ಕಡತ ತೆರೆಯಲೇ ಇಲ್ಲ. ಅಂಥ ಕಡತದ ಸೂಚಿಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲಾಗುತ್ತದೆ. ಮಧ್ಯದಲ್ಲಿ ನಿಂತರೆ ಹಿಂದಿನ ಫ್ರೇಮುಗಳೂ ಕೈಗೆ ಸಿಗುವುದಿಲ್ಲ. ಮತ್ತೆ 50 ಗಂಟೆ ಕಾದು ನೋಡಿದರೆ, ಸೂರ್ಯಬಿಂಬದ ಪಶ್ಚಿಮ ಅಂಚಿನಿಂದ ಪ್ರವೇಶಿಸಬೇಕಾದ ಚಂದ್ರ ಪೂರ್ವದಿಂದ ಬರುತ್ತಿದ್ದ! ಒಂದು ನಿಮಿಷದ ಮುನ್ನೋಟದಲ್ಲೇ ತಿಳಿಯಬಹುದಾಗಿದ್ದ ತಪ್ಪು.

ಆದ್ದರಿಂದ ಫ್ರೇಮುಗಳನ್ನು ಬಿಡಿ ಬಿಡಿ ಚಿತ್ರಗಳಾಗಿ, ಪಿಎನ್‌ಜಿ ಕಡತಗಳಾಗಿ ಉಳಿಸಿ. ವಿಡಿಯೊ ಮಾಡುವುದು ಕೊನೆಗೆ, ಕೆಲವೇ ನಿಮಿಷದ ಕೆಲಸ. ಇದ್ದ ಚಿತ್ರದ ಮೇಲೆ ಮತ್ತೆ ಬರೆಯಬೇಡ, ಆರಂಭಿಸಿದ ಫ್ರೇಮಿಗೆ ಖಾಲಿ ಕಡತವಿಟ್ಟು ಗುರುತು ಮಾಡು ಎಂಬ ಎರಡು ಆಯ್ಕೆಗಳು ಬ್ಲೆಂಡರಿನಲ್ಲಿವೆ. ಅವನ್ನು ಹಚ್ಚಿ, ಒಂದೇ ಹಂಚಿಕೆಯ ಫೋಲ್ಡರಿಗೆ ಕೊಠಡಿಯ ಹತ್ತು ಗಣಕಗಳನ್ನು ಜೋಡಿಸಿದರೆ ಅವು ಕೆಲಸವನ್ನು ತಾವೇ ಹಂಚಿಕೊಳ್ಳುತ್ತವೆ. ಒಂದು ನಿಂತರೂ ಉಳಿದವು ನಡೆಯುತ್ತವೆ.

ಮುನ್ನೋಟದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಚಲನೆ ಸರಿಯೇ ಎಂಬುದು ಒಂದು ಪ್ರಶ್ನೆ. ಬೆಳಕು ಸರಿಯೇ ಎಂಬುದು ಬೇರೆ ಪ್ರಶ್ನೆ. ಚಲನೆಗೆ ಪ್ರತಿ ಫ್ರೇಮೂ ಬೇಕು, ಬಣ್ಣ ಬೇಡ. ಕೆಲಸದ ಕಿಟಕಿಯಲ್ಲಿ ಕಾಣುವ ಬೂದು ಗೊಂಬೆಗಳನ್ನೇ ವಿಡಿಯೊ ಮಾಡಿ ನೋಡಿ. ಬೆಳಕಿಗೆ ಪ್ರತಿ ಐವತ್ತನೆಯ ಫ್ರೇಮು ಸಾಕು, ಉದ್ದ ಅಗಲಗಳನ್ನು ಕಾಲುಭಾಗಕ್ಕಿಳಿಸಿದರೆ ಬಿಂಬಕಣಗಳು ಹದಿನಾರರಲ್ಲೊಂದು ಪಾಲಾಗುತ್ತವೆ. ಇನ್ನು ಚುಕ್ಕೆ ಅಳಿಸುವ ಸಾಧನ ಬಳಸುವವರು ಸತತವಾದ ಮೂವತ್ತು ಫ್ರೇಮುಗಳನ್ನು ಪೂರ್ಣ ಗುಣಮಟ್ಟದಲ್ಲಿ ಓಡಿಸಿ ನೋಡಲೇಬೇಕು. ಬಿಡಿ ಚಿತ್ರದಲ್ಲಿ ನುಣುಪಾಗಿ ಕಂಡ ಗೋಡೆ ಓಡುವಾಗ ಮಿನುಗುತ್ತದೆ.

‘ಫ್ಲೋ’ ಹಾದಿ ಎಲ್ಲ ಪಾಠಕ್ಕೂ ಹೊಂದುವುದಿಲ್ಲ. ಗಾಜಿನ ಲೋಟದಲ್ಲಿ ವಕ್ರೀಭವನ ತೋರಿಸುವಾಗ ಅಂದಾಜಿನ ರೆಂಡರಿಂಗ್ ಸುಳ್ಳು ಹೇಳಬಹುದು. ಅಲ್ಲಿ ಕಿರಣಗಳನ್ನು ಅನುಸರಿಸುವ ವಿಧಾನಕ್ಕೇ ಸಮಯ ಕೊಡಿ. ಗ್ರಹಣದಲ್ಲಿ ಅರೆನೆರಳಿನ ಅಗಲ ನಿಂತಿರುವುದು ಸೂರ್ಯನ ಗಾತ್ರದ ಮೇಲೆ. ತಂತ್ರಾಂಶ ತಾನಾಗಿ ಮೂಡಿಸಿದ ಮಸುಕು ಅಂಚನ್ನು ಹಾಗೇ ಬಿಡದೆ, ಆ ಅಗಲವನ್ನು ಕೈಲೆಕ್ಕದಿಂದ ತಾಳೆ ನೋಡಿದ ಮೇಲೆಯೇ ಅಂತಿಮ ರೆಂಡರಿಂಗ್ ಹಚ್ಚಿ.