ಕಾಗದ ಅವರಿಗೆ, ಅನುಭವ ನಮಗೆ?

ನಮ್ಮ ಜಿಲ್ಲಾ ಕೇಂದ್ರದ ಇತಿಹಾಸ ಸಂಘವೊಂದರ ದಫ್ತರ ಕೋಣೆಯಲ್ಲಿ ನಾನು ಮೂರು ತಿಂಗಳು ತರಬೇತಿಗೆಂದು ಕೂತಿದ್ದೆ. ಎಂ.ಎ. ಮುಗಿಸಿದ ಹುಡುಗರಿಗೆ ಕೆಲಸ ಗೊತ್ತಾಗಲಿ ಅಂತ ಅವರು ಕೊಡುವ ಅವಕಾಶ. ಸಂಬಳ ಇಲ್ಲ, ಬಸ್‌ಚಾರ್ಜು ನಮ್ಮದೇ. ಗಂಟು ಬಿಚ್ಚಬೇಕು, ದೂಳು ಹೊಡೆಯಬೇಕು, ಒಳಗೇನಿದೆ ಎಂದು ಓದಿ ಪಟ್ಟಿಪುಸ್ತಕದಲ್ಲಿ ಒಂದು ಸಾಲು ಬರೆಯಬೇಕು. ಆ ಒಂದು ಸಾಲಿನ ಬಗ್ಗೆಯೇ ನನ್ನ ತಕರಾರು. ವಿಮರ್ಶೆಯ ಸಂಚಿಕೆಯಲ್ಲಿ ಕತೆ ಕವಿತೆ ಬಿಟ್ಟು ಪಟ್ಟಿಪುಸ್ತಕದ ಮಾತೇಕೆ ಎಂದು ಕೇಳುವವರು ಇರಬಹುದು. ಪಟ್ಟಿಯೂ ಒಂದು ಕೃತಿಯೇ. ಅದಕ್ಕೂ ಕರ್ತೃವಿದ್ದಾನೆ, ಅವನಿಗೂ ಜಾತಿಯಿದೆ.

ಆ ಪುಸ್ತಕದ ವಿಂಗಡಣೆಯನ್ನೇ ನೋಡಿ. ಶಾಸನದ ಪಡಿಯಚ್ಚು, ತಾಳೆಗರಿ, ಮಠದ ಕಾಗದ, ಪಾಳೆಯಗಾರರ ಸನದು, ಮನೆತನಗಳ ವಂಶಾವಳಿ. ಕೊನೆಗೆ 'ಇತರೆ'. ನಮ್ಮವರು ಇರುವುದೆಲ್ಲ ಈ 'ಇತರೆ'ಯಲ್ಲಿ. ಊರಿನ ಆಚೆಗೆ ಕೇರಿ ಇದ್ದ ಹಾಗೆ ಪಟ್ಟಿಯ ಆಚೆಗೂ ಒಂದು ಕೇರಿ ಇದೆ. ಇದನ್ನು ಯಾರೋ ದುರುದ್ದೇಶದಿಂದ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಬಿ.ಎಲ್. ರೈಸ್ 1886ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟ ತಂದ ಕಾಲದಿಂದಲೂ ನಮ್ಮ ಇತಿಹಾಸಕ್ಕೆ ಶಾಸನವೇ ಬೆನ್ನೆಲುಬು. ದಾನಶಾಸನ ಕೊಟ್ಟವನ ಬಿರುದು ಹೇಳುತ್ತದೆ, ಪಡೆದವನ ಗೋತ್ರ ಹೇಳುತ್ತದೆ, ಗದ್ದೆಯ ಎಲ್ಲೆ ಹೇಳುತ್ತದೆ. ಆ ಗದ್ದೆಯ ಕೆಸರಲ್ಲಿ ನಾಟಿ ಹಾಕಿದವಳು ಯಾರೆಂದು ಹೇಳುವುದು ಅದರ ಕೆಲಸವೇ ಅಲ್ಲ. ಶಾಸನ ನೋಡಿ ಕಲಿತ ಕಣ್ಣಿಗೆ ಮಿಕ್ಕ ಕಾಗದವೆಲ್ಲ ಕಸವಾಗಿ ಕಂಡರೆ ಆಶ್ಚರ್ಯವೇನು?

ಎರಡನೆಯ ತಿಂಗಳಲ್ಲಿ ನನಗೆ ಸಿಕ್ಕಿದ್ದು ಒಂದು ಶಾನುಭೋಗರ ಮನೆಯಿಂದ ಬಂದ ಗಂಟು. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಹುದ್ದೆ ಹೋಯಿತು, ಕಾಗದ ಅಟ್ಟದ ಮೇಲೇ ಉಳಿಯಿತು. ಗಂಟಿನಲ್ಲಿ ಎರಡು ಕಡತಗಳಿದ್ದವು. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಬೆರೆಸಿ ಬಳಿದ ಕಪ್ಪು ಬಟ್ಟೆ, ಅದರ ಮೇಲೆ ಬಳಪದ ಬರಹ. ಸಂಘದವರಿಗೆ ಖುಷಿಯೋ ಖುಷಿ. ಅವನ್ನು ಗಾಜಿನ ಪೆಟ್ಟಿಗೆಗೆ ಇಟ್ಟರು. ತಳದಲ್ಲಿದ್ದ ಹರಕು ಕಾಗದಗಳನ್ನು ನೋಡಿ ನಮ್ಮ ಮೇಷ್ಟ್ರು, "ಇದೆಲ್ಲ ಗುಜರಿಗೆ ಹಾಕಯ್ಯ, ಇದ್ರಲ್ಲಿ ಏನೂ ಇಲ್ಲ" ಅಂದರು. ಒಳ್ಳೆಯ ಮನುಷ್ಯ. ನನಗೆ ಮೋಡಿ ಅಕ್ಷರ ಓದಲು ಕಲಿಸಿದವರೂ ಅವರೇ.

ನಾನು ಗುಜರಿಗೆ ಹಾಕಲಿಲ್ಲ, ಓದಿದೆ. ದರಖಾಸ್ತಿನಲ್ಲಿ ಜಮೀನು ಮಂಜೂರಾದವರ ಪಟ್ಟಿಯ ನಕಲು ಅದು. ಸರ್ವೆ ನಂಬರು, ವಿಸ್ತೀರ್ಣ, ಹೆಸರು. ಹೆಸರಿಗೂ ಮುಂಚೆ ಜಾತಿ, ಹೆಸರಿನ ಪಕ್ಕ ಹೆಬ್ಬೆಟ್ಟು. ಕೆಳಗೆ, ಪರಭಾರೆ ಮಾಡಕೂಡದು ಎಂಬ ಷರತ್ತು.

ಈ ಷರತ್ತಿನ ಬೆಲೆ ಏನೆಂದು ಚಳವಳಿಯಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಷರತ್ತು ಮುರಿದು ಕೊಂಡಿದ್ದರೆ ಆ ಕ್ರಯ ಊರ್ಜಿತವಲ್ಲ, ಜಮೀನು ಮಂಜೂರುದಾರನಿಗೋ ಅವನ ವಾರಸುದಾರರಿಗೋ ಮರಳಬೇಕು ಎನ್ನುತ್ತದೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ. ತಡವಾಗಿ ಬಂದಿರಿ ಎಂದು 2017ರ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಎಷ್ಟೋ ಅರ್ಜಿಗಳು ಬಿದ್ದವು. ಕಾಲಮಿತಿ ಇಲ್ಲ ಎಂದು 2023ರಲ್ಲಿ ತಿದ್ದುಪಡಿ ಬಂತು. ಆದರೆ ಉಪವಿಭಾಗಾಧಿಕಾರಿಯ ಮುಂದೆ ನಿಂತಾಗ ಮೊದಲ ಪ್ರಶ್ನೆ ಒಂದೇ: ಮಂಜೂರಾತಿ ಕಾಗದ ಎಲ್ಲಿ? ಸಾಗುವಳಿ ಚೀಟಿ ಗುಡಿಸಲ ಸೂರಿನಲ್ಲಿ ನೆನೆದು ಹೋಗಿರುತ್ತದೆ. ತಾಲ್ಲೂಕು ಕಚೇರಿಯಲ್ಲಿ 'ಕಡತ ಲಭ್ಯವಿಲ್ಲ' ಅಂತ ಹಿಂಬರಹ ಕೊಡುತ್ತಾರೆ. ಇನ್ನೊಂದು ನಕಲು ನಾನು ಕೂತ ಕೋಣೆಯಲ್ಲಿ ಗುಜರಿಯವನಿಗೆ ಕಾಯುತ್ತಿತ್ತು.

ಇಲ್ಲಿ ನಮ್ಮ ಸಾಹಿತ್ಯ ವಿಮರ್ಶೆಗೂ ಒಂದು ಪ್ರಶ್ನೆ ಇದೆ. ದಲಿತ ಬರಹ ಎಂದರೆ ಅನುಭವ, ಆತ್ಮಕತೆ, ನೋವಿನ ದನಿ ಎಂದು ಮೆಚ್ಚಿ ಮೆಚ್ಚಿ ನಮ್ಮನ್ನು ಅಲ್ಲೇ ಕೂರಿಸಿದ್ದಾರೆ. ನಾವೂ ಕೂತಿದ್ದೇವೆ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', ಸಿದ್ಧಲಿಂಗಯ್ಯನವರ 'ಊರುಕೇರಿ' ದಫ್ತರಗಳು ಬಿಟ್ಟದ್ದನ್ನು ದಾಖಲಿಸಿದವು, ನಿಜ. ಆದರೆ ಅನುಭವ ನಮ್ಮ ಪಾಲು, ದಾಖಲೆ ಅವರ ಪಾಲು ಎಂಬ ಈ ಹಿಸ್ಸೆ ಮಾಡಿದವರು ಯಾರು? 1948ರ 'ದಿ ಅನ್‌ಟಚಬಲ್ಸ್' ಮುನ್ನುಡಿಯಲ್ಲಿ ಬಾಬಾಸಾಹೇಬರು, ಪುರಾವೆಯ ಕೊಂಡಿ ಕಳಚಿದಲ್ಲಿ ಇತಿಹಾಸಕಾರ ಕಲ್ಪನೆಯಿಂದ ಜೋಡಿಸಬೇಕಾಗುತ್ತದೆ ಎಂದು ವಾದಿಸಿದರು. ನಾವು ಅದರಲ್ಲಿ ಕಲ್ಪನೆಯ ಮಾತನ್ನಷ್ಟೇ ಹಿಡಿದುಕೊಂಡೆವು. ಅದೇ ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಹಾರ್ ವತನಿನ ಮಸೂದೆ ಮಂಡಿಸಿದವರು. ಕೊಂಡಿ ಕಳಚಿದೆ ಅನ್ನುವ ಮೊದಲು ಇರುವ ಕೊಂಡಿಗಳನ್ನು ನಾವು ಎಣಿಸಿದ್ದೇವೆಯೇ?

ಹಾಗಂತ ಕಾಗದವನ್ನು ಪೂಜಿಸಬೇಕಾಗಿಲ್ಲ. ಶಾನುಭೋಗರ ಲೆಕ್ಕ ಶಾನುಭೋಗರದೇ. ತೋಟಿ ರಾತ್ರಿಯೆಲ್ಲ ಕಾದದ್ದು ಅದರಲ್ಲಿಲ್ಲ, ತಪ್ಪಿದರೆ ದಂಡ ಹಾಕಿದ್ದು ಇದೆ. ಅದನ್ನು ಅವ್ವನ ಮಾತಿನ ಪಕ್ಕ ಇಟ್ಟು ಓದಬೇಕು. ಸಂಜೆ ಮನೆಗೆ ಹೋದರೆ ನಮ್ಮವ್ವ ಕೇಳುತ್ತಿದ್ದಳು, "ಅಲ್ಲಿ ನಮ್ಮೋರ ಹೆಸ್ರು ಸಿಕ್ತಾ ಮಗಾ?" ಸಿಕ್ಕಿತು ಅಂದ ದಿನ ಅವಳು ಹೆಸರು ಕೇಳಲಿಲ್ಲ, "ಯಾವ ಹೊಲ?" ಅಂದಳು. ನನ್ನ ಎಂ.ಎ. ಕಲಿಸದ ಓದು ಅದು.

ಪಟ್ಟಿಪುಸ್ತಕದಲ್ಲಿ ನಾನು ಆ ಕಾಗದಗಳಿಗೆ 'ಇತರೆ' ಎಂದು ಬರೆಯದೆ, 'ದಲಿತರಿಗೆ ಮಂಜೂರಾದ ಜಮೀನುಗಳ ಪಟ್ಟಿ' ಎಂದು ಊರಿನ ಹೆಸರು, ಸರ್ವೆ ನಂಬರುಗಳ ಸಮೇತ ಬರೆದೆ. ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. "ಇದರಿಂದ ತಂಟೆ ಬರತ್ತಲ್ಲಯ್ಯ" ಅಂದರು. ಹೊಡೆದು ಹಾಕಲಿಲ್ಲ. ಪಟ್ಟಿ ಓದಬಲ್ಲವರಿಗೆ ತಂಟೆ ಎಲ್ಲಿದೆ ಎಂದು ಚೆನ್ನಾಗಿ ಗೊತ್ತು.

ಗೆಳೆಯರೇ, ನಿಮ್ಮ ಜಿಲ್ಲೆಯಲ್ಲೂ ಇಂಥ ಒಂದು ಕೋಣೆ ಇರುತ್ತದೆ. ರಜೆಯಲ್ಲಿ ಒಂದು ತಿಂಗಳು ಹೋಗಿ ಕೂತುಕೊಳ್ಳಿ. ದರಖಾಸ್ತು ಪಟ್ಟಿ, ತೋಟಿ ತಳವಾರರ ಇನಾಮಿನ ಲೆಕ್ಕ, ಹಳೆಯ ಸ್ಕೂಲಿನ ದಾಖಲಾತಿ ಪುಸ್ತಕ, ಇವನ್ನು ಕೇಳಿ ತೆಗೆಸಿ. ನಕಲು ಮಾಡಿಕೊಳ್ಳಿ, ಆ ಊರಿನ ಕೇರಿಗೆ ಹೋಗಿ ಓದಿ ಹೇಳಿ. ನಾನು ಬರೆದಿಟ್ಟ ಊರಿಗೆ ಮುಂದಿನ ಭಾನುವಾರ ಹೊರಟಿದ್ದೇನೆ.